ವಸಾಹತು ಸಿಂಗಪುರದ ಚೀನೀ ಪ್ರೌಢಶಾಲೆಗಳು: ಸರ್ಕಾರದ ಮರುಚಿಂತನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

1950ರ ದಶಕದ ಸಿಂಗಪುರದ ಚರಿತ್ರೆಯನ್ನು ಬಹಳ ಮಂದಿ ಗಲಭೆಗಳಿಂದ ಓದತೊಡಗುತ್ತಾರೆ. ಬಸ್ ನಿಲ್ದಾಣದ ಮುಂದಿನ ಹೊಡೆದಾಟ, ಅಶ್ರುವಾಯು, ಗೇಟು ಮುಚ್ಚಿಕೊಂಡು ಶಾಲೆಯೊಳಗೇ ಬೀಡುಬಿಟ್ಟ ಹುಡುಗ ಹುಡುಗಿಯರು ಮೊದಲು ಕಣ್ಣಿಗೆ ಬೀಳುತ್ತಾರೆ. ಆ ಶಾಲೆಯನ್ನು ಕಟ್ಟಿದವರು ಯಾರು, ಅಲ್ಲಿ ಏನು ಕಲಿಸುತ್ತಿದ್ದರು, ಕಲಿತವರಿಗೆ ಮುಂದೆ ಯಾವ ದಾರಿ ಇತ್ತು ಎಂಬ ಮಾತು ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಇಲ್ಲಿ ಶಾಲೆಯನ್ನೇ ಮುಂದಿಟ್ಟುಕೊಂಡು ಉತ್ತರಿಸಿದ್ದೇನೆ. 1953ರಿಂದ 1957ರವರೆಗಿನ ಐದು ವರ್ಷಗಳೇ ಇದರ ಹುರುಳು.

ಚೀನೀ ಪ್ರೌಢಶಾಲೆಗಳನ್ನು ಸ್ಥಾಪಿಸಿದವರು ಬ್ರಿಟಿಷರೇ?

ಅಲ್ಲ. ಬಹುಪಾಲು ಶಾಲೆಗಳನ್ನು ಕಟ್ಟಿದ್ದು ವಲಸೆ ಬಂದ ಚೀನೀಯರೇ. ಒಂದೇ ಊರಿನವರು, ಒಂದೇ ನುಡಿಯವರು ಸೇರಿ ಮಾಡಿಕೊಂಡ ಸಂಘಗಳು, ರಬ್ಬರ್ ಮತ್ತು ಅನಾನಸ್ ವ್ಯಾಪಾರದಲ್ಲಿ ಹಣ ಮಾಡಿದವರು, ಸಣ್ಣ ಅಂಗಡಿಯವರು ಎಲ್ಲರೂ ಚಂದಾ ಹಾಕಿ ನಡೆಸಿದ ಶಾಲೆಗಳು ಅವು. ಸಿಂಗಪುರದಲ್ಲಿ ಎಲ್ಲ ಚೀನೀ ಸಮುದಾಯಗಳಿಗೂ ತೆರೆದಿದ್ದ, ಚೀನಾದ ಶಿಷ್ಟ ನುಡಿಯಾದ ಮ್ಯಾಂಡರಿನ್ ಮಾಧ್ಯಮದ ಮೊದಲ ಪ್ರೌಢಶಾಲೆ ಚೈನೀಸ್ ಹೈಸ್ಕೂಲ್. 1919ರಲ್ಲಿ ಅದರ ಸ್ಥಾಪನೆಗೆ ಮುಂದೆ ನಿಂತವರು ರಬ್ಬರ್ ಉದ್ಯಮಿ ಟಾನ್ ಕಾ ಕೀ. ಇದೇ ಮನುಷ್ಯ 1921ರಲ್ಲಿ ಚೀನಾದಲ್ಲಿ ಶಿಯಾಮೆನ್ ವಿಶ್ವವಿದ್ಯಾಲಯವನ್ನೂ ಕಟ್ಟಿಸಿದರು. ದುಡಿದದ್ದನ್ನು ಶಾಲೆಗೆ ಸುರಿಯುವುದು ಅವರ ಬಾಳಿನ ವ್ರತವಾಗಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅವರ ಕಂಪನಿ ಮುಳುಗಿತು, ಆದರೂ ಅವರು ಶಾಲೆಗಳ ಕೈಬಿಡಲಿಲ್ಲ.

ನನ್ಯಾಂಗ್ ಬಾಲಕಿಯರ ಶಾಲೆ 1917ರದು. ಚುಂಗ್ ಚೆಂಗ್ ಹೈಸ್ಕೂಲ್ 1939ರದು. ಕಮ್ಯುನಿಸ್ಟರ ಕಡುವಿರೋಧಿಯಾಗಿದ್ದ ಚೀನೀ ನಾಯಕ ಚಿಯಾಂಗ್ ಕೈ ಶೇಕ್ ಅವರ ಹೆಸರನ್ನೇ ಹೊತ್ತ ಈ ಎರಡನೆಯ ಶಾಲೆ 1950ರ ದಶಕದಲ್ಲಿ ಎಡಪಂಥೀಯ ವಿದ್ಯಾರ್ಥಿ ಚಳವಳಿಯ ಕೋಟೆಯಾಯಿತು. ಫಲಕದಲ್ಲಿರುವ ಹೆಸರು ನೋಡಿ ಶಾಲೆಯೊಳಗಿನ ಮನಸ್ಸನ್ನು ಅಳೆಯಲಾಗದು.

ಸರ್ಕಾರ ತನ್ನ ಖರ್ಚಿನಲ್ಲಿ ನಡೆಸಿದ್ದು, ಅನುದಾನ ಕೊಟ್ಟು ಬೆಳೆಸಿದ್ದು ಮುಖ್ಯವಾಗಿ ಇಂಗ್ಲಿಷ್ ಶಾಲೆಗಳನ್ನು. ಮಲಯ್ ಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣವನ್ನೂ ಒದಗಿಸುತ್ತಿತ್ತು. ಚೀನೀ ಶಾಲೆಗೆ ಸಿಗುತ್ತಿದ್ದ ನೆರವು ಅಲ್ಪ. ಶಿಕ್ಷಕರ ಸಂಬಳವೂ ಅಷ್ಟೇ ಅಲ್ಪ.

ಅಲ್ಲಿನ ಮಕ್ಕಳಿಗೆ ಮ್ಯಾಂಡರಿನ್ ತಾಯ್ನುಡಿಯಾಗಿತ್ತೇ?

ಇದು ಎಲ್ಲರೂ ತಪ್ಪಿ ತಿಳಿಯುವ ಸಂಗತಿ. 1957ರ ಜನಗಣತಿಯಲ್ಲಿ ಸಿಂಗಪುರದ ಜನಸಂಖ್ಯೆ ಸುಮಾರು 14.5 ಲಕ್ಷ. ಅವರಲ್ಲಿ ಶೇ. 75ರಷ್ಟು ಚೀನೀಯರು. ಆದರೆ ಮ್ಯಾಂಡರಿನ್ ತಮ್ಮ ತಾಯ್ನುಡಿ ಎಂದು ಬರೆಸಿದವರು ಶೇ. 0.1ರಷ್ಟು ಮಾತ್ರ. ಮನೆಗಳಲ್ಲಿ ದಕ್ಷಿಣ ಚೀನಾದ ನುಡಿಗಳಾದ ಹೊಕ್ಕಿಯನ್, ಟಿಯೋಚ್ಯೂ, ಕ್ಯಾಂಟನೀಸ್, ಹಾಕ್ಕಾ, ಹೈನಾನೀಸ್ ಆಡುತ್ತಿದ್ದರು. ಮೊದಮೊದಲು ಶಾಲೆಯ ಪಾಠವೂ ಇದೇ ನುಡಿಗಳಲ್ಲಿ ನಡೆಯುತ್ತಿತ್ತು. 1919ರಲ್ಲಿ ಚೀನಾದ ವಿದ್ಯಾರ್ಥಿಗಳು ಎಬ್ಬಿಸಿದ ಮೇ ನಾಲ್ಕರ ಚಳವಳಿಯ ಗಾಳಿ ಬೀಸಿದ ಮೇಲೆ ಮ್ಯಾಂಡರಿನ್ ಒಂದೇ ಶಾಲೆಯ ಭಾಷೆಯಾಗತೊಡಗಿತು.

ಹಾಗಾಗಿ ಆ ಮಕ್ಕಳು ಮ್ಯಾಂಡರಿನ್‌ಗಾಗಿ ಬೀದಿಗಿಳಿದಾಗ ಅಮ್ಮನ ಮಾತಿಗಾಗಿ ಇಳಿದರು ಎನ್ನಲಾಗದು. ಬೇರೆ ಬೇರೆ ನುಡಿಯ ಮನೆಗಳಿಂದ ಬಂದವರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ ಭಾಷೆ ಅದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯಲ್ಲಿ ಸಿಕ್ಕ ನುಡಿಗೂ ಮನುಷ್ಯ ಜೀವ ಕೊಡುತ್ತಾನೆ.

ಸರ್ಕಾರ ಮೊದಲು ಕೈಹಾಕಿದ್ದು ಯಾವಾಗ?

1920ರಲ್ಲಿ. ಅದಕ್ಕೆ ಹಿಂದಿನ ವರ್ಷ ಜಪಾನ್ ವಿರೋಧಿ ಬಹಿಷ್ಕಾರ ಸಿಂಗಪುರಕ್ಕೂ ಹಬ್ಬಿ ಗಲಭೆಯಾಗಿತ್ತು. ಶಿಕ್ಷಕರೂ ವಿದ್ಯಾರ್ಥಿಗಳೂ ಅದರಲ್ಲಿ ಕಾಣಿಸಿಕೊಂಡಿದ್ದರು. ಅದುವರೆಗೆ ಕಣ್ಣೆತ್ತಿಯೂ ನೋಡದಿದ್ದ ಆಡಳಿತ ಶಾಲೆ, ಆಡಳಿತ ಮಂಡಳಿ, ಶಿಕ್ಷಕ ಎಲ್ಲರೂ ನೋಂದಾಯಿಸಿಕೊಳ್ಳಬೇಕೆಂಬ ಕಾನೂನು ತಂದಿತು. ಪಕ್ಕದಲ್ಲೇ ಬ್ರಿಟಿಷರ ಕೈಕೆಳಗಿದ್ದ ಮಲಯದಲ್ಲಿ (ಇಂದಿನ ಮಲೇಷ್ಯಾದ ಪರ್ಯಾಯದ್ವೀಪ ಭಾಗ) ಅದನ್ನು ವಿರೋಧಿಸಿದ ಕೆಲವರು ಗಡೀಪಾರಾದರು. ಮೂರು ವರ್ಷಗಳ ಬಳಿಕ ಅನುದಾನದ ಮಾತು ಬಂತು.

ಈ ಅನುಕ್ರಮವನ್ನು ನೆನಪಿಡಿ: ಮೊದಲು ನೋಂದಣಿ ಪುಸ್ತಕ, ಆಮೇಲೆ ಹಣದ ಚೀಲ. ಮುಂದಿನ ಮೂವತ್ತು ವರ್ಷ ಚೀನೀ ಶಾಲೆಯ ಆಡಳಿತ ಮಂಡಳಿಗಳು ಸರ್ಕಾರದ ನೆರವನ್ನು ಅನುಮಾನದಿಂದಲೇ ನೋಡಿದ್ದಕ್ಕೆ ಕಾರಣ ಇಲ್ಲಿದೆ.

ಎರಡನೆಯ ಮಹಾಯುದ್ಧದ ನಂತರ ಪರಿಸ್ಥಿತಿ ಏಕೆ ಬಿಗಡಾಯಿಸಿತು?

ಮೂರು ಸಂಗತಿಗಳು ಒಟ್ಟಿಗೆ ಬಂದವು.

ಮೊದಲನೆಯದು ವಯಸ್ಸು. 1942ರ ಫೆಬ್ರುವರಿಯಿಂದ 1945ರವರೆಗೆ ಸಿಂಗಪುರ ಜಪಾನೀಯರ ವಶದಲ್ಲಿತ್ತು. ವಶಪಡಿಸಿಕೊಂಡ ಕೆಲವೇ ವಾರಗಳಲ್ಲಿ ಸಾವಿರಾರು ಚೀನೀ ಗಂಡಸರನ್ನು ಕಡಲತೀರಗಳಿಗೆ ಒಯ್ದು ಕೊಂದರು. ಚೀನೀ ಶಾಲೆಗಳಿಗೆ ಬೀಗ ಬಿತ್ತು. ಮೂರೂವರೆ ವರ್ಷ ಓದು ಕಳೆದುಕೊಂಡವರು ಯುದ್ಧ ಮುಗಿದ ಮೇಲೆ ಮತ್ತೆ ಪುಸ್ತಕ ಹಿಡಿದರು. ಆದ್ದರಿಂದ 1950ರ ದಶಕದ ಪ್ರೌಢಶಾಲಾ ತರಗತಿಗಳಲ್ಲಿ ಇಪ್ಪತ್ತು ದಾಟಿದವರೂ ಇದ್ದರು. ಅಧಿಕಾರಿಗಳು ಅವರನ್ನು ಶಾಲಾ ಮಕ್ಕಳೆಂದು ಕರೆದರು. ಯುದ್ಧವನ್ನು ಕಂಡುಂಡ, ಮನೆಯಲ್ಲಿ ಸಾವು ನೋಡಿದ ತರುಣ ತರುಣಿಯರು ಅವರು.

ಎರಡನೆಯದು 1948ರ ಜೂನ್‌ನಲ್ಲಿ ಮಲಯದಲ್ಲಿ ಘೋಷಣೆಯಾದ ತುರ್ತುಪರಿಸ್ಥಿತಿ. ಕಾಡಿನಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳ ಯುದ್ಧ, ಊರಿನಲ್ಲಿ ವಿಚಾರಣೆಯಿಲ್ಲದ ಬಂಧನ. 1949ರಲ್ಲಿ ಚೀನಾದಲ್ಲೂ ಕಮ್ಯುನಿಸ್ಟರು ಗೆದ್ದರು. ಅಲ್ಲಿಂದಾಚೆಗೆ ಚೀನೀ ಶಾಲೆ ಶಿಕ್ಷಣ ಇಲಾಖೆಯ ಕಡತದಲ್ಲಿ ಇದ್ದಷ್ಟೇ ಗುಪ್ತಚರ ಶಾಖೆಯ ಕಡತದಲ್ಲೂ ಇತ್ತು.

ಮೂರನೆಯದನ್ನು ಜನ ಕಡಿಮೆ ಹೇಳುತ್ತಾರೆ, ನನ್ನ ಎಣಿಕೆಯಲ್ಲಿ ಅದೇ ದೊಡ್ಡದು. ಓದಿ ಮುಗಿಸಿದ ಮೇಲೆ ಹೋಗುವುದೆಲ್ಲಿಗೆ? ಸರ್ಕಾರಿ ಕೆಲಸಕ್ಕೆ ಇಂಗ್ಲಿಷ್ ಬೇಕು, ಕೇಂಬ್ರಿಜ್ ಪರೀಕ್ಷೆಯ ಪ್ರಮಾಣಪತ್ರ ಬೇಕು. ಮಲಯ ವಿಶ್ವವಿದ್ಯಾಲಯದಲ್ಲಿ ಪಾಠ ಇಂಗ್ಲಿಷಿನಲ್ಲಿ. ಹಿಂದೆ ಇವರೆಲ್ಲ ಉನ್ನತ ಓದಿಗೆ ಚೀನಾಕ್ಕೆ ಹೋಗುತ್ತಿದ್ದರು. ಈಗ ಹೋದವರಿಗೆ ಮರಳಿ ಬರುವ ದಾರಿಯನ್ನು ಸರ್ಕಾರ ಮುಚ್ಚಿತ್ತು. ಹನ್ನೆರಡು ವರ್ಷ ಕಷ್ಟಪಟ್ಟು ಓದಿದವರ ಎದುರು ಗೋಡೆಯೊಂದೇ ಉಳಿದಿತ್ತು.

1953ರ ಶ್ವೇತಪತ್ರ ಏನು ಹೇಳಿತು? ನೆರವನ್ನು ಶಾಲೆಗಳು ಏಕೆ ಅನುಮಾನಿಸಿದವು?

1953ರ ಡಿಸೆಂಬರ್‌ನಲ್ಲಿ, ಗವರ್ನರ್ ಜಾನ್ ನಿಕೋಲ್ ಅವರ ಕಾಲದಲ್ಲಿ, ಚೀನೀ ಶಾಲೆಗಳಿಗೆ ದ್ವಿಭಾಷಾ ಶಿಕ್ಷಣ ಮತ್ತು ಹೆಚ್ಚಿನ ನೆರವು ಎಂಬ ವಿಷಯದ ಶ್ವೇತಪತ್ರ ಹೊರಬಂತು. ಚೀನೀ ಶಾಲೆಗಳನ್ನು ಅವುಗಳ ಪಾಡಿಗೆ ಬಿಡುವ ಹಳೆಯ ನೀತಿ ಸಾಲದು ಎಂದು ಸರ್ಕಾರ ಬರಹದಲ್ಲೇ ಒಪ್ಪಿಕೊಂಡಿತು. ಮರುಚಿಂತನೆ ಎಂಬ ಮಾತಿಗೆ ತಕ್ಕ ಮೊದಲ ಹೆಜ್ಜೆ ಇದೇ.

ಕೊಡುಗೆ ಹೀಗಿತ್ತು: ಇಂಗ್ಲಿಷ್ ಪಾಠದ ಪಾಲು ಹೆಚ್ಚಿಸಿ, ಆಡಳಿತದಲ್ಲಿ ಸರ್ಕಾರದ ಷರತ್ತುಗಳನ್ನು ಒಪ್ಪಿ, ಅನುದಾನ ಹೆಚ್ಚಾಗುತ್ತದೆ. ಹಣದ ಅಗತ್ಯ ಶಾಲೆಗಳಿಗೆ ಇರಲಿಲ್ಲವೆಂದಲ್ಲ, ಕಟ್ಟಡ ಸೋರುತ್ತಿತ್ತು, ಶಿಕ್ಷಕರು ಬಿಟ್ಟುಹೋಗುತ್ತಿದ್ದರು. ಆದರೂ ಆಡಳಿತ ಮಂಡಳಿಗಳು, ಚೀನೀ ವಾಣಿಜ್ಯ ಮಂಡಳಿಯ ಹಿರಿಯರು ಹಿಂಜರಿದರು. ಅವರ ಲೆಕ್ಕ ಸರಳ: ಇಂದು ಇಂಗ್ಲಿಷಿಗೆ ಅರ್ಧ ಹೊತ್ತು ಬಿಟ್ಟರೆ ನಾಳೆ ಉಳಿದರ್ಧವೂ ಹೋಗುತ್ತದೆ.

ಆ ಭಯ ಗಾಳಿಯಿಂದ ಹುಟ್ಟಿದ್ದಲ್ಲ. ಎರಡೇ ವರ್ಷ ಹಿಂದೆ, 1951ರಲ್ಲಿ, ಪಕ್ಕದ ಮಲಯ ಒಕ್ಕೂಟದಲ್ಲಿ ಬಾರ್ನ್ಸ್ ಸಮಿತಿ ಮಲಯ್ ಮತ್ತು ಇಂಗ್ಲಿಷ್ ಕಲಿಸುವ ರಾಷ್ಟ್ರೀಯ ಶಾಲೆಗಳನ್ನು ಸೂಚಿಸಿ, ಚೀನೀಯರೂ ಭಾರತೀಯರೂ ತಮ್ಮ ನುಡಿಯ ಶಾಲೆಗಳನ್ನು ಕ್ರಮೇಣ ಬಿಟ್ಟುಕೊಡಲಿ ಎಂದಿತ್ತು. ಅದಕ್ಕೆ ಎದ್ದ ಪ್ರತಿಭಟನೆ ಕಂಡು ಸರ್ಕಾರ ವಿಲಿಯಂ ಫೆನ್ ಮತ್ತು ವೂ ಟೆ ಯಾವ್ ಎಂಬ ಇಬ್ಬರು ವಿದ್ವಾಂಸರನ್ನು ಕರೆಸಿತು. ಚೀನೀ ಶಾಲೆಗಳನ್ನು ಅಳಿಸಬೇಡಿ, ಸುಧಾರಿಸಿ, ಅಲ್ಲಿಯ ಮಕ್ಕಳು ಮೂರು ಭಾಷೆ ಕಲಿಯಬಲ್ಲರು ಎಂದು ಅವರು ಬರೆದರು. ಆದರೆ 1952ರ ಕಾನೂನು ಮಲಯ್ ಮತ್ತು ಇಂಗ್ಲಿಷ್ ಶಾಲೆಗಳ ಕಡೆಗೇ ವಾಲಿತು. ಸಿಂಗಪುರದ ಹಿರಿಯರು ಇದನ್ನೆಲ್ಲ ಪತ್ರಿಕೆಯಲ್ಲಿ ಓದಿಯೇ ಶ್ವೇತಪತ್ರವನ್ನು ಕೈಗೆತ್ತಿಕೊಂಡಿದ್ದರು.

1954ರ ಮೇ 13ರಂದು ನಡೆದದ್ದೇನು?

18ರಿಂದ 20 ವರ್ಷದ ಯುವಕರು ಕಡ್ಡಾಯ ಸೇನಾ ಸೇವೆಗೆ ಹೆಸರು ಬರೆಸಬೇಕೆಂಬ ಕಾನೂನು ಆಗಷ್ಟೇ ಜಾರಿಗೆ ಬಂದಿತ್ತು. ವಯಸ್ಸು ಮೀರಿ ಓದುತ್ತಿದ್ದ ಚೀನೀ ಶಾಲೆಯ ಹುಡುಗರಿಗೆ ಅದು ನೇರವಾಗಿ ತಟ್ಟಿತು. ತಮ್ಮ ಶಾಲೆಗೆ ಗೌರವ ಕೊಡದ, ತಮ್ಮ ಪ್ರಮಾಣಪತ್ರಕ್ಕೆ ಬೆಲೆ ಕೊಡದ ಆಡಳಿತಕ್ಕಾಗಿ ಬಂದೂಕು ಹಿಡಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ವಿನಾಯಿತಿ ಕೋರಿ ಅವರ ಪ್ರತಿನಿಧಿಗಳು ಹಂಗಾಮಿ ಗವರ್ನರ್ ವಿಲಿಯಂ ಗೂಡ್ ಅವರನ್ನು ಕಾಣಲು ಹೋದರು. ಬೆಂಬಲಕ್ಕೆಂದು ನೂರಾರು ವಿದ್ಯಾರ್ಥಿಗಳು ಸೇರಿದರು. ಪೊಲೀಸರು ಚದುರಿಸಲು ಬಂದರು. 20ಕ್ಕೂ ಹೆಚ್ಚು ಮಂದಿ ಗಾಯಗೊಂಡರು, 48 ವಿದ್ಯಾರ್ಥಿಗಳ ಬಂಧನವಾಯಿತು.

ಆ ಬಳಿಕ ವಿದ್ಯಾರ್ಥಿಗಳು ಶಾಲೆಗಳಲ್ಲೇ ಬೀಡುಬಿಟ್ಟರು. ಹಿರಿಯ ತರಗತಿಯವರು ಕಿರಿಯರಿಗೆ ಪಾಠ ಹೇಳಿದರು, ಒಟ್ಟಿಗೆ ಅಡುಗೆ ಮಾಡಿಕೊಂಡರು. ಬಂಧಿತರ ಮೊಕದ್ದಮೆಯಲ್ಲಿ ಲಂಡನ್ನಿನಿಂದ ಬಂದ ಪ್ರಸಿದ್ಧ ವಕೀಲ ಡಿ. ಎನ್. ಪ್ರಿಟ್ ವಾದಿಸಿದರು. ಅವರ ಜೊತೆಗೆ ನಿಂತ ಸ್ಥಳೀಯ ವಕೀಲ, ಮುಂದೆ ಸಿಂಗಪುರದ ಮೊದಲ ಪ್ರಧಾನಿಯಾದ ಲೀ ಕುವಾನ್ ಯೂ. ಇಂಗ್ಲಿಷ್ ಓದಿದ ಲೀ ಅವರಿಗೆ ಈ ಇನ್ನೊಂದು ಲೋಕದ ಹುರುಪು, ಶಿಸ್ತು ಹತ್ತಿರದಿಂದ ಕಂಡದ್ದು ಆಗ. ಅದೇ ವರ್ಷ ನವೆಂಬರ್‌ನಲ್ಲಿ ಅವರ ಪೀಪಲ್ಸ್ ಆ್ಯಕ್ಷನ್ ಪಾರ್ಟಿ ಹುಟ್ಟಿದಾಗ ಚೀನೀ ಶಾಲೆಯಲ್ಲಿ ಓದಿದ ಲಿಮ್ ಚಿನ್ ಸಿಯಾಂಗ್, ಫಾಂಗ್ ಸ್ವೀ ಸುವಾನ್ ಅವರಂಥ ತರುಣರೂ ಅದರಲ್ಲಿದ್ದರು.

ಹಾಗಾದರೆ ಆ ವಿದ್ಯಾರ್ಥಿಗಳೆಲ್ಲ ಕಮ್ಯುನಿಸ್ಟರೇ?

ಎಲ್ಲರೂ ಅಲ್ಲ, ಯಾರೂ ಅಲ್ಲ ಎಂಬುದೂ ನಿಜವಲ್ಲ. ಮಲಯದ ಕಮ್ಯುನಿಸ್ಟ್ ಪಕ್ಷ ಶಾಲೆಗಳಲ್ಲಿ ಗುಪ್ತ ಘಟಕಗಳನ್ನು ಇಟ್ಟಿತ್ತು. ಅದು ಸರ್ಕಾರದ ಕಟ್ಟುಕತೆಯಲ್ಲ. ಆದರೆ ಸಾವಿರಾರು ಮಂದಿಯನ್ನು ಬೀದಿಗೆ ತಂದದ್ದು ಘಟಕಗಳ ಆಜ್ಞೆಯೊಂದೇ ಎನ್ನುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ. ವಸಾಹತು ಆಡಳಿತದ ವಿರುದ್ಧ ಸಿಟ್ಟು, ಕಲಿತ ಭಾಷೆಯ ಮೇಲಿನ ಅಭಿಮಾನ, ಮುಂದಿನ ದಿನಗಳ ಚಿಂತೆ ಇವು ಯಾರೂ ಹೊರಗಿನಿಂದ ತುಂಬಬೇಕಾದ ಭಾವನೆಗಳಲ್ಲ.

ಸರ್ಕಾರ ಇವೆರಡನ್ನೂ ಬೇರ್ಪಡಿಸಲೇ ಇಲ್ಲ. ಶಾಲೆಯ ಹಕ್ಕಿನ ಮಾತೆತ್ತಿದವರನ್ನು ಪಿತೂರಿಗಾರರೆಂದು ಕಂಡಿತು. ಇದರಿಂದ ನಿಜವಾದ ಪಿತೂರಿಗಾರರಿಗೇ ಅನುಕೂಲವಾಯಿತು, ಏಕೆಂದರೆ ಭಾಷೆಯ ಪರವಾಗಿ ಗಟ್ಟಿಯಾಗಿ ನಿಂತವರು ತಾವೇ ಎಂದು ಅವರು ಹೇಳಿಕೊಳ್ಳಬಹುದಾಯಿತು.

ಸರ್ಕಾರ ನಿಜವಾಗಿ ಮನಸ್ಸು ಬದಲಿಸಿದ್ದು ಯಾವಾಗ?

1955ರ ಮೇ ತಿಂಗಳಲ್ಲಿ, ಅದೂ ಹೆಣ ಬಿದ್ದ ಮೇಲೆ.

ಏಪ್ರಿಲ್‌ನಲ್ಲಿ ಹೊಸ ಸಂವಿಧಾನದಡಿ ಚುನಾವಣೆ ನಡೆದು ಲೇಬರ್ ಫ್ರಂಟ್‌ನ ಡೇವಿಡ್ ಮಾರ್ಷಲ್ ಮುಖ್ಯಮಂತ್ರಿಯಾದರು. ಆಂತರಿಕ ಭದ್ರತೆಯ ಕೀಲಿಗೊಂಚಲು ಮಾತ್ರ ಬ್ರಿಟಿಷರ ಸೊಂಟದಲ್ಲೇ ಇತ್ತು. ಆ ಹೊತ್ತಿಗೆ ಹಾಕ್ ಲೀ ಬಸ್ ಕಂಪನಿಯ ಕಾರ್ಮಿಕರ ಮುಷ್ಕರ ಆರಂಭವಾಗಿತ್ತು. ಚೀನೀ ಶಾಲೆಯ ವಿದ್ಯಾರ್ಥಿಗಳು ಲಾರಿಗಳಲ್ಲಿ ಬಂದು ಮುಷ್ಕರಗಾರರಿಗೆ ಊಟ ಕೊಟ್ಟರು, ಹಾಡಿ ಕುಣಿದು ಹುರಿದುಂಬಿಸಿದರು. ಮೇ 12ರ ರಾತ್ರಿಯ ಗಲಭೆಯಲ್ಲಿ ನಾಲ್ವರು ಸತ್ತರು. ಅವರಲ್ಲಿ ಒಬ್ಬ 16 ವರ್ಷದ ವಿದ್ಯಾರ್ಥಿ.

ಸರ್ಕಾರ ಮೊದಲು ಹಳೆಯ ದಾರಿಯನ್ನೇ ಹಿಡಿಯಿತು: ಶಾಲೆ ಮುಚ್ಚಿಸು, ಮುಂದಾಳುಗಳನ್ನು ಹೊರಹಾಕಿಸು. ಸಾವಿರಾರು ವಿದ್ಯಾರ್ಥಿಗಳು ಮತ್ತೆ ಶಾಲೆಯೊಳಗೆ ಕುಳಿತರು. ಪೊಲೀಸರನ್ನು ನುಗ್ಗಿಸುವ ಮನಸ್ಸು ಮಾರ್ಷಲ್‌ಗೆ ಇರಲಿಲ್ಲ. ಅವರು ಹಿಂದೆ ಸರಿದು, ಚೀನೀ ಶಿಕ್ಷಣದ ಸ್ಥಿತಿಯನ್ನು ಪರಿಶೀಲಿಸಲು ಶಾಸನಸಭೆಯ ಒಂಬತ್ತು ಸದಸ್ಯರ ಸರ್ವಪಕ್ಷ ಸಮಿತಿಯನ್ನು ನೇಮಿಸಿದರು. ಅಧ್ಯಕ್ಷರು ಶಿಕ್ಷಣ ಮಂತ್ರಿ ಚ್ಯೂ ಸ್ವೀ ಕೀ. ವಿರೋಧಪಕ್ಷದ ಲೀ ಕುವಾನ್ ಯೂ ಕೂಡ ಸದಸ್ಯರು. ಇದನ್ನು ಹೇಡಿತನ ಎಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆ ಐದು ವರ್ಷಗಳಲ್ಲಿ ಆಡಳಿತ ಮಾಡಿದ ಅತ್ಯಂತ ವಿವೇಕದ ಕೆಲಸ ಅದೇ ಎಂದು ನಾನು ನಂಬುತ್ತೇನೆ. ಅದು ನಾಲ್ಕು ಜೀವ ಹೋಗುವ ಮುನ್ನ ಆಗಬೇಕಿತ್ತು.

ಸರ್ವಪಕ್ಷ ಸಮಿತಿಯ ಶಿಫಾರಸುಗಳೇನು?

1956ರ ಫೆಬ್ರುವರಿಯಲ್ಲಿ ವರದಿ ಬಂತು. ಚೀನೀ ಶಾಲೆಗಳ ವಿಚಾರಣೆಗೆಂದು ಕುಳಿತ ಸಮಿತಿ, ಒಂದು ಶಾಲೆಯ ಕಾಯಿಲೆಯನ್ನು ಮಾತ್ರ ಬೇರೆಯಾಗಿ ನೋಡಿ ಮದ್ದು ಕೊಡಲಾಗದು ಎಂಬ ತೀರ್ಮಾನಕ್ಕೆ ಬಂದು ಇಡೀ ದ್ವೀಪದ ಶಿಕ್ಷಣವನ್ನೇ ಮೇಜಿನ ಮೇಲೆ ಹರಡಿತು.

ಮಲಯ್, ಚೀನೀ, ತಮಿಳು, ಇಂಗ್ಲಿಷ್ ಈ ನಾಲ್ಕೂ ಮಾಧ್ಯಮಗಳನ್ನು ಸರ್ಕಾರ ಸಮಾನವಾಗಿ ಕಾಣಬೇಕು ಎಂಬುದು ತಿರುಳು. ಅನುದಾನದಲ್ಲೂ ಶಿಕ್ಷಕರ ಸಂಬಳದಲ್ಲೂ ತಾರತಮ್ಯ ಹೋಗಬೇಕು. ಪ್ರಾಥಮಿಕ ಹಂತದಲ್ಲಿ ಎರಡು ಭಾಷೆ, ಪ್ರೌಢ ಹಂತದಲ್ಲಿ ಮೂರು ಭಾಷೆಯವರೆಗೆ ಕಲಿಯುವ ಅವಕಾಶ ಇರಬೇಕು. ಪಠ್ಯಪುಸ್ತಕ ಈ ನೆಲದ ಬದುಕನ್ನು ಹೇಳಬೇಕು.

ಕೊನೆಯ ಮಾತಿನ ಹಿನ್ನೆಲೆಯನ್ನು ವಿವರಿಸಬೇಕು. ಚೀನೀ ಶಾಲೆಗಳ ಪುಸ್ತಕಗಳು ದಶಕಗಳ ಕಾಲ ಶಾಂಘೈಯ ಮುದ್ರಣಾಲಯಗಳಿಂದ ಹಡಗೇರಿ ಬರುತ್ತಿದ್ದವು. ಆರು ವರ್ಷ ಪ್ರಾಥಮಿಕ, ಮೂರು ವರ್ಷ ಕಿರಿಯ, ಮೂರು ವರ್ಷ ಹಿರಿಯ ಪ್ರೌಢ ಎಂಬ ಶಾಲಾ ಚೌಕಟ್ಟೂ 1922ರಲ್ಲಿ ಚೀನಾ ಒಪ್ಪಿಕೊಂಡದ್ದೇ. ಸಮಭಾಜಕದ ಹತ್ತಿರ, ವರ್ಷವಿಡೀ ಒಂದೇ ಬಗೆಯ ಸೆಕೆಯಲ್ಲಿ ಕುಳಿತ ಮಗು ಹಿಮ ಬೀಳುವ ಊರಿನ ನಾಲ್ಕು ಋತುಗಳ ಪಾಠ ಓದುತ್ತಿತ್ತು. ಇಂಗ್ಲಿಷ್ ಶಾಲೆಯ ಮಗುವಿನ ಪಾಡೂ ಬೇರೆಯಾಗಿರಲಿಲ್ಲ, ಅದಕ್ಕೆ ಇಂಗ್ಲೆಂಡಿನ ದೊರೆಗಳ ವಂಶಾವಳಿ. ತನ್ನ ಮನೆಯ ಮುಂದಿನ ಬೀದಿ, ಪಕ್ಕದ ಮಲಯ್ ಹಳ್ಳಿ, ಬಂದರು ಯಾವ ಪುಸ್ತಕದಲ್ಲೂ ಸರಿಯಾಗಿ ಇರಲಿಲ್ಲ. ಇದನ್ನು ಚೀನೀ ಶಾಲೆಯ ಒಂದರ ತಪ್ಪೆಂದು ಹೇಳದೆ ಎಲ್ಲ ಮಾಧ್ಯಮಗಳಿಗೂ ಒಂದೇ ಮಾತು ಅನ್ವಯಿಸಿದ್ದು ಆ ವರದಿಯ ದೊಡ್ಡತನ.

ಇಷ್ಟು ಒಳ್ಳೆಯ ವರದಿ ಬಂದ ಮೇಲೂ 1956ರ ಅಕ್ಟೋಬರ್‌ನಲ್ಲಿ ರಕ್ತ ಹರಿದದ್ದು ಏಕೆ?

ವರದಿ ಬರೆದ ಕೈ ಬೇರೆ, ಲಾಠಿ ಹಿಡಿದ ಕೈ ಬೇರೆ. ಸ್ವರಾಜ್ಯ ಕೇಳಿ ನಡೆಸಿದ ಲಂಡನ್ ಮಾತುಕತೆ ಮುರಿದುಬಿದ್ದು ಮಾರ್ಷಲ್ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಲಿಮ್ ಯೂ ಹಾಕ್, ತಾನು ಬಿಗಿಯಾಗಿ ಆಳಬಲ್ಲೆ ಎಂದು ಲಂಡನ್ನಿಗೆ ತೋರಿಸಬೇಕಿತ್ತು. ಚೀನೀ ಪ್ರೌಢಶಾಲಾ ವಿದ್ಯಾರ್ಥಿಗಳ ಸಂಘಕ್ಕೆ ಹಿಂದಿನ ವರ್ಷವಷ್ಟೇ, ರಾಜಕೀಯ ಮಾಡಬಾರದೆಂಬ ಷರತ್ತಿನ ಮೇಲೆ ನೋಂದಣಿ ಸಿಕ್ಕಿತ್ತು. ಸುಮಾರು 10,000 ಸದಸ್ಯರಿದ್ದ ಆ ಸಂಘವನ್ನು ಸೆಪ್ಟೆಂಬರ್‌ನಲ್ಲಿ ವಿಸರ್ಜಿಸಲಾಯಿತು. ಮುಂದಾಳುಗಳ ಬಂಧನ, ಶಾಲೆಯಿಂದ ಉಚ್ಚಾಟನೆ ಬೆನ್ನಿಗೇ ಬಂದವು.

ಅಕ್ಟೋಬರ್ 10ರಿಂದ ಚುಂಗ್ ಚೆಂಗ್ ಮತ್ತು ಚೈನೀಸ್ ಹೈಸ್ಕೂಲ್‌ಗಳಲ್ಲಿ ವಿದ್ಯಾರ್ಥಿಗಳು ಬೀಡುಬಿಟ್ಟರು. ಎರಡು ವಾರದ ನಂತರ, 25ರ ರಾತ್ರಿ 8 ಗಂಟೆಯೊಳಗೆ ಮನೆಗೆ ಕರೆದೊಯ್ಯಿರಿ ಎಂದು ಪೋಷಕರಿಗೆ ಗಡುವು ಕೊಟ್ಟರು. ಗಡುವು ಮುಗಿಯುವ ಮುನ್ನವೇ ಊರಲ್ಲಿ ಗಲಭೆ ಹೊತ್ತಿತು. 26ರ ಬೆಳಗಿನ ಜಾವ ಪೊಲೀಸರು ಅಶ್ರುವಾಯು ಸಿಡಿಸಿ ಶಾಲೆಗಳನ್ನು ತೆರವು ಮಾಡಿದರು. ಗಲಭೆ ತಣ್ಣಗಾಗುವಷ್ಟರಲ್ಲಿ 13 ಮಂದಿ ಸತ್ತಿದ್ದರು, ನೂರಕ್ಕೂ ಹೆಚ್ಚು ಮಂದಿಗೆ ಗಾಯ. ಲಿಮ್ ಚಿನ್ ಸಿಯಾಂಗ್ ಸೇರಿ ನೂರಾರು ಜನರ ಬಂಧನವಾಯಿತು.

ಸಮಾನತೆಯ ವರದಿ ಒಪ್ಪಿದ ವರ್ಷವೇ ಈ ಬಲಪ್ರಯೋಗವೂ ನಡೆಯಿತು. ಬೆಳಗಿನ ಜಾವದ ಕತ್ತಲಲ್ಲಿ ಕಣ್ಣುರಿಯುತ್ತ ಗೇಟಿನಿಂದ ಹೊರಬಂದ ಹುಡುಗಿಗೆ ನಿನ್ನ ಭಾಷೆಗೆ ಸಮಾನ ಸ್ಥಾನ ಕೊಟ್ಟಿದ್ದೇವೆ ಎಂದು ಹೇಳಿದ್ದರೆ ಅವಳು ನಂಬುತ್ತಿದ್ದಳೇ?

ಕಾನೂನು ಯಾವಾಗ ಬಂತು?

1956ರಲ್ಲೇ ವರದಿಯ ಆಧಾರದ ಮೇಲೆ ಶಿಕ್ಷಣ ನೀತಿಯ ಶ್ವೇತಪತ್ರ ಬಂತು, 1957ರಲ್ಲಿ ಶಿಕ್ಷಣ ಕಾನೂನು. ಅನುದಾನ ಪಡೆಯುವ ಎಲ್ಲ ಮಾಧ್ಯಮದ ಶಾಲೆಗಳೂ ಒಂದೇ ನಿಯಮದಡಿ ಬಂದವು. 1959ರಲ್ಲಿ ಆಂತರಿಕ ಸ್ವರಾಜ್ಯ ಸಿಕ್ಕಾಗ ಹೊಸ ಸರ್ಕಾರವೂ ಇದೇ ನಾಲ್ಕು ಮಾಧ್ಯಮದ ಚೌಕಟ್ಟನ್ನು ಮುಂದುವರಿಸಿತು.

ಭಾರತೀಯರಿಗೆ ಇದರಿಂದ ಏನು ಸಿಕ್ಕಿತು?

ತಮಿಳಿಗೆ ನಾಲ್ಕರಲ್ಲಿ ಒಂದು ಸ್ಥಾನ ಸಿಕ್ಕಿತು. 1935ರಿಂದ ನಡೆದುಬಂದ ತಮಿಳು ಮುರಸು ಪತ್ರಿಕೆ, ಅದರ ಸಂಪಾದಕ ಜಿ. ಸಾರಂಗಪಾಣಿ ಅವರ ದುಡಿಮೆ ಇದರ ಹಿಂದಿದೆ. ಆದರೆ ತಮಿಳು ಶಾಲೆಗಳು ಚಿಕ್ಕವು, ಬಡವು. ಪ್ರೌಢ ಹಂತದಲ್ಲಿ ನಿಂತ ಉಮರು ಪುಲವರ್ ತಮಿಳು ಶಾಲೆಯೂ 1982ರಲ್ಲಿ ಮುಚ್ಚಿತು.

ಉಳಿದ ಭಾರತೀಯ ಭಾಷೆಗಳಿಗೆ ಆಗ ಯಾವ ಸ್ಥಾನವೂ ಇರಲಿಲ್ಲ. ಬಹಳ ಕಾಲದ ನಂತರ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳನ್ನು ಎರಡನೆಯ ಭಾಷೆಯಾಗಿ ಓದುವ ಅವಕಾಶ ಬಂತು. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಇಂದು ಸಿಂಗಪುರದಲ್ಲಿರುವ ಕನ್ನಡಿಗರ ಮಕ್ಕಳು ಶಾಲೆಯಲ್ಲಿ ಹಿಂದಿಯನ್ನೋ ತಮಿಳನ್ನೋ ಆರಿಸಿಕೊಂಡು, ಕನ್ನಡವನ್ನು ಮನೆಯಲ್ಲೋ ವಾರಾಂತ್ಯದಲ್ಲೋ ಕಲಿಯಬೇಕಾಗಿರುವುದರ ಬೇರು 1956ರ ಆ ನಾಲ್ಕು ಭಾಷೆಗಳ ಪಟ್ಟಿಯವರೆಗೆ ಹೋಗುತ್ತದೆ.

ನನ್ಯಾಂಗ್ ವಿಶ್ವವಿದ್ಯಾಲಯ ಈ ಕತೆಯಲ್ಲಿ ಎಲ್ಲಿ ಬರುತ್ತದೆ?

ಓದಿದವರ ಎದುರು ಗೋಡೆ ಇತ್ತು ಎಂದೆನಲ್ಲ, ಆ ಗೋಡೆಯಲ್ಲಿ ಸಮುದಾಯವೇ ಬಾಗಿಲು ಕೊರೆಯಲು ಹೊರಟಿತು. 1953ರ ಜನವರಿಯಲ್ಲಿ ರಬ್ಬರ್ ಉದ್ಯಮಿ ಟಾನ್ ಲಾರ್ಕ್ ಸೈ ಚೀನೀ ಮಾಧ್ಯಮದ ವಿಶ್ವವಿದ್ಯಾಲಯದ ಮಾತೆತ್ತಿ 50 ಲಕ್ಷ ಡಾಲರ್ ಕೊಡುವುದಾಗಿ ಘೋಷಿಸಿದರು. ಹೊಕ್ಕಿಯನ್ ಸಂಘ ಜುರೊಂಗ್‌ನಲ್ಲಿ 500 ಎಕರೆಗೂ ಹೆಚ್ಚು ಜಮೀನು ಕೊಟ್ಟಿತು. 1954ರಲ್ಲಿ ಟ್ರೈಶಾ (ಸೈಕಲ್ ರಿಕ್ಷಾ) ತುಳಿಯುವವರು ತಮ್ಮ ಒಂದು ದಿನದ ದುಡಿಮೆಯನ್ನು ಪೂರ್ತಿ ಕೊಟ್ಟರು. ಬೀದಿ ವ್ಯಾಪಾರಿಗಳು, ಕ್ಯಾಬರೆಯಲ್ಲಿ ಕುಣಿಯುವ ಹೆಣ್ಣುಮಕ್ಕಳು ಕೂಡ ಕೊಟ್ಟರು. ತಾವು ಎಂದೂ ಮೆಟ್ಟಿಲೇರದ ವಿಶ್ವವಿದ್ಯಾಲಯಕ್ಕೆ ಬೆವರಿನ ಕಾಸು ಕೊಟ್ಟ ಆ ಟ್ರೈಶಾದವರನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

1956ರ ಮಾರ್ಚ್‌ನಲ್ಲಿ ತರಗತಿಗಳು ಶುರುವಾದವು. ಪದವಿಗೆ ಮನ್ನಣೆ ಕೊಡಲು ಮಾತ್ರ ಸರ್ಕಾರ ಎಳೆದಾಡಿತು. ಈ ವಿಶ್ವವಿದ್ಯಾಲಯವನ್ನು ಪರಿಶೀಲಿಸಿದ 1959ರ ಪ್ರೆಸ್ಕಾಟ್ ಆಯೋಗ ಮನ್ನಣೆಗೆ ವಿರುದ್ಧವಾಗಿ ಬರೆಯಿತು. ಪ್ರೌಢಶಾಲೆಗೆ ಸಮಾನತೆ ಕೊಟ್ಟು ಅದರ ಮೇಲಿನ ಮಹಡಿಗೆ ಏಣಿ ಕೊಡದಿದ್ದರೆ ಆ ಸಮಾನತೆಯಿಂದ ಹುಡುಗನಿಗೆ ಏನು ಬಂತು?

ಇತರ ಬ್ರಿಟಿಷ್ ಪ್ರದೇಶಗಳಲ್ಲೂ ಹೀಗೆಯೇ ಆಯಿತೇ?

ಮಲಯ ಒಕ್ಕೂಟದಲ್ಲಿ 1956ರ ರಝಾಕ್ ವರದಿ ಚೀನೀ ಮತ್ತು ತಮಿಳು ಪ್ರಾಥಮಿಕ ಶಾಲೆಗಳನ್ನು ರಾಷ್ಟ್ರೀಯ ವ್ಯವಸ್ಥೆಯೊಳಗೆ ತಂದಿತು. ಸ್ವಾತಂತ್ರ್ಯಾನಂತರ, 1961ರ ಕಾಯ್ದೆಯಡಿ, ಮಾಧ್ಯಮ ಬದಲಿಸದ ಚೀನೀ ಪ್ರೌಢಶಾಲೆಗಳಿಗೆ ಅನುದಾನ ನಿಂತಿತು. ವಿರೋಧಿಸಿದ ಶಿಕ್ಷಕ ಸಂಘಗಳ ನಾಯಕ ಲಿಮ್ ಲಿಯಾನ್ ಗಿಯೊಕ್ ಅವರ ಪೌರತ್ವವನ್ನೇ ಸರ್ಕಾರ ಕಿತ್ತುಕೊಳ್ಳಲು ಹೊರಟಿತು, ಕಡೆಗೆ ಕಿತ್ತುಕೊಂಡಿತು. ಬೋರ್ನಿಯೋದ ಸರವಾಕ್‌ನಲ್ಲಿ ಬ್ರಿಟಿಷ್ ಆಡಳಿತ ಇನ್ನೂ ನೇರವಾಗಿ ನಡೆದುಕೊಂಡಿತು. 1960ರ ಮೆಕ್‌ಲೆಲನ್ ವರದಿಯ ನಂತರ, 1962ರ ಏಪ್ರಿಲ್‌ನೊಳಗೆ ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಗದ ಪ್ರೌಢಶಾಲೆಗೆ ನೆರವಿಲ್ಲ ಎಂದಿತು. ಕೆಲವು ಶಾಲೆಗಳು ಬಾಗಿದವು, ಕೆಲವು ಚಂದಾ ಡಬ್ಬಿ ಹಿಡಿದು ಸ್ವತಂತ್ರವಾಗಿ ಉಳಿದವು. ಇಂದಿನ ಮಲೇಷ್ಯಾದ ಸುಮಾರು 60 ಸ್ವತಂತ್ರ ಚೀನೀ ಪ್ರೌಢಶಾಲೆಗಳಲ್ಲಿ 14 ಸರವಾಕ್‌ನಲ್ಲೇ ಇವೆ.

ಯಾವ ಸರ್ಕಾರವೂ ಸಮಾನತೆ ಘೋಷಿಸದ ಕಡೆ ಶಾಲೆ ಉಳಿಯಿತು, ಘೋಷಿಸಿದ ಸಿಂಗಪುರದಲ್ಲಿ ಅಳಿಯಿತು. ಇದನ್ನು ಸಿಂಗಪುರದ ಸೋಲೆಂದು ಅವಸರದಿಂದ ಹೇಳುವುದು ನನಗೆ ಇಷ್ಟವಿಲ್ಲ, ಆದರೆ ಯೋಚಿಸಲೇಬೇಕಾದ ಸಂಗತಿ.

ಸಿಂಗಪುರದ ಚೀನೀ ಮಾಧ್ಯಮವನ್ನು ಕೊನೆಗಾಣಿಸಿದ ಕಾನೂನು ಯಾವುದು?

ಅಂಥ ಒಂದು ಕಾನೂನಿಲ್ಲ. 1950ರ ದಶಕದ ನಡುವಿನಲ್ಲೇ ಒಂದನೆಯ ತರಗತಿಗೆ ಹೆಸರು ಬರೆಸುವ ಸಾಲಿನಲ್ಲಿ ಇಂಗ್ಲಿಷ್ ಮುಂದೆ ಹೋಗತೊಡಗಿತ್ತು. ಚೀನೀ ಶಾಲೆಗಾಗಿ ಚಂದಾ ಕೊಟ್ಟ ತಂದೆಯೇ ಮಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ ಉದಾಹರಣೆಗಳಿವೆ. ಅವನನ್ನು ದೂರಲು ನನಗೆ ಮನಸ್ಸು ಬಾರದು. ಬ್ಯಾಂಕಿನ ಗುಮಾಸ್ತನ ಸಂಬಳ, ಬಂದರಿನ ಕಚೇರಿಯ ಕುರ್ಚಿ ಯಾವ ಭಾಷೆಗೆ ಸಿಗುತ್ತದೆ ಎಂಬುದು ಅವನ ಕಣ್ಣೆದುರಿಗೇ ಇತ್ತು. ನಾಲ್ಕು ಭಾಷೆಗಳನ್ನು ಶಾಲೆಯಲ್ಲಿ ಸಮಾನ ಮಾಡಿದವರು ಕಚೇರಿಯಲ್ಲಿ ಸಮಾನ ಮಾಡಲಿಲ್ಲ. ವಸಾಹತು ಆಡಳಿತವೂ ಮಾಡಲಿಲ್ಲ, ಅದರ ನಂತರ ಬಂದವರೂ ಮಾಡಲಿಲ್ಲ.

1979ರಲ್ಲಿ ಒಂಬತ್ತು ಹಳೆಯ ಚೀನೀ ಪ್ರೌಢಶಾಲೆಗಳನ್ನು ಆರಿಸಿ, ವಿಶೇಷ ನೆರವು ಕೊಟ್ಟು, ಎರಡೂ ಭಾಷೆಯನ್ನು ಉನ್ನತ ಮಟ್ಟದಲ್ಲಿ ಕಲಿಸುವ ಯೋಜನೆ ಬಂತು. 1980ರಲ್ಲಿ ನನ್ಯಾಂಗ್ ವಿಶ್ವವಿದ್ಯಾಲಯವನ್ನು ಸಿಂಗಪುರ ವಿಶ್ವವಿದ್ಯಾಲಯದೊಂದಿಗೆ ಸೇರಿಸಲಾಯಿತು. 1987ರ ಹೊತ್ತಿಗೆ ಎಲ್ಲ ಶಾಲೆಗಳಲ್ಲೂ ಇಂಗ್ಲಿಷ್ ಮೊದಲ ಭಾಷೆಯಾಯಿತು.

ಇಂದು ಸಿಂಗಪುರಕ್ಕೆ ಹೋದರೆ ಇದರ ಗುರುತು ಎಲ್ಲಿ ಕಾಣಸಿಗುತ್ತದೆ?

ಬುಕಿಟ್ ತಿಮಾ ರಸ್ತೆಯಲ್ಲಿ ಚೈನೀಸ್ ಹೈಸ್ಕೂಲಿನ ಗಡಿಯಾರ ಗೋಪುರ ಈಗಲೂ ಇದೆ, ಅದು ರಾಷ್ಟ್ರೀಯ ಸ್ಮಾರಕ. ನನ್ಯಾಂಗ್ ವಿಶ್ವವಿದ್ಯಾಲಯದ ಹಳೆಯ ಆಡಳಿತ ಕಟ್ಟಡದಲ್ಲಿ ಚೀನೀ ಪರಂಪರೆಯ ಕೇಂದ್ರ ನಡೆಯುತ್ತಿದೆ. ಅದರ ಮುಂದಿನ ಯುನ್ನಾನ್ ತೋಟದಲ್ಲಿ ನಿಂತಿರುವ ಕಮಾನು ಪ್ರತಿಕೃತಿ. ಮೂಲ ಕಮಾನು ಬೇಕಾದವರು ಅಲ್ಲಿಂದ ಹೊರಬಿದ್ದು ಜುರೊಂಗ್ ವೆಸ್ಟ್‌ನ ವಸತಿ ಬಡಾವಣೆಗೆ ನಡೆಯಬೇಕು. ಟ್ರೈಶಾದವರ ಕಾಸೂ ಸೇರಿದ್ದ ಆ ವಿಶ್ವವಿದ್ಯಾಲಯದ ಹೆಬ್ಬಾಗಿಲು, ಸಂಜೆ ಶಾಲೆ ಬಿಟ್ಟು ಬರುವ ಮಕ್ಕಳ ದಾರಿಯ ಪಕ್ಕದಲ್ಲಿ, ಫ್ಲಾಟುಗಳ ನಡುವೆ ನಿಂತಿದೆ.